ಗಿಡಗಳ ಹಗಲು, ಊಟದ ಮೇಜಿನ ಸಂಜೆ

ಕಳೆದ ವರ್ಷ ನಾನು ಒಳಾಂಗಣ ವಿನ್ಯಾಸ ಮಾಡಿಕೊಟ್ಟ ರೆಸ್ಟೋರೆಂಟ್ ತೀರ ಚಿಕ್ಕದು. ಊಟದ ಕೋಣೆ 600 ಚದರ ಅಡಿ, ಕುರ್ಚಿಗಳು 24, ಹಗಲ ಬೆಳಕು ಬರುವುದು ಮುಂಭಾಗದ ಒಂದೇ ಗಾಜಿನ ಕಿಟಕಿಯಿಂದ, ಹಿಂಬದಿಗೆ ಅಡುಗೆಮನೆ. ಕೋಣೆಯ ತುಂಬ ಜೀವಂತ ಗಿಡಗಳಿರಬೇಕು, ಬಂದವರು ತೋಟದೊಳಗೆ ಕುಳಿತು ಉಂಡಂತೆ ಆಗಬೇಕು ಎಂಬುದು ಮಾಲೀಕರ ಆಸೆಯಾಗಿತ್ತು. ಅವರು ಹತ್ತಾರು ಚಿತ್ರಗಳನ್ನು ಸಂಗ್ರಹಿಸಿ ತಂದಿದ್ದರು. ನಾನು ಅವುಗಳನ್ನು ಪಕ್ಕಕ್ಕಿಟ್ಟು, ಖಾಲಿ ಕೋಣೆಯನ್ನು ಒಂದು ಇಡೀ ದಿನ ನನಗೆ ಬಿಟ್ಟುಕೊಡುವಂತೆ ಕೇಳಿಕೊಂಡೆ. ಬೆಳಕು ಅಳೆಯುವ ಮೀಟರ್ ಮತ್ತು ಒಂದು ತುಂಡು ಸೀಮೆಸುಣ್ಣ ಹಿಡಿದು ಬೆಳಗಿನಿಂದ ಸಂಜೆಯವರೆಗೆ ನೆಲದ ಮೇಲೆ ಗೆರೆ ಎಳೆಯುವುದೇ ಆ ದಿನದ ಕೆಲಸವಾಯಿತು.

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣನ್ನು ನಂಬುವಂತಿಲ್ಲ. ಕತ್ತಲೆಗೂ ಬೆಳಕಿಗೂ ಅದು ಎಷ್ಟು ಬೇಗ ಹೊಂದಿಕೊಳ್ಳುತ್ತದೆಂದರೆ, ಬಯಲಿನ ನಡುಹಗಲ ಬಿಸಿಲು ಸುಮಾರು 1,00,000 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಇದ್ದು ಕೋಣೆಯೊಳಗಿನ ಬೆಳಕು ಅದರ ನೂರರಲ್ಲಿ ಒಂದು ಪಾಲೂ ಇರದಿದ್ದರೂ ನಮಗೆ ಕೋಣೆ ಬೆಳಕಾಗಿಯೇ ಇದೆ ಎನಿಸುತ್ತದೆ. ಈ ಕೋಣೆಯಲ್ಲಿ ಕಿಟಕಿಯಿಂದ ಒಂದು ಅಡಿ ದೂರದಲ್ಲಿ ಮೀಟರ್ 4000 ಲಕ್ಸ್ ತೋರಿಸಿದರೆ ಆರು ಅಡಿ ದೂರದಲ್ಲಿ 900ಕ್ಕೆ ಇಳಿಯಿತು, ಹಿಂಗೋಡೆಯ ಬಳಿ 80ನ್ನೂ ದಾಟಲಿಲ್ಲ. ಬೆಳಕಿನ ಬಡತನವನ್ನು ತಾಳಿಕೊಳ್ಳಬಲ್ಲವೆಂದು ಹೆಸರಾದ ಗಿಡಗಳಿಗೂ ದಿನಕ್ಕೆ ಹತ್ತು ಹನ್ನೆರಡು ಗಂಟೆ ಕಾಲ ಕೆಲವು ನೂರು ಲಕ್ಸ್ ಬೇಕೇ ಬೇಕು. ಅದಕ್ಕಿಂತ ಕಡಿಮೆಯಾದರೆ ಗಿಡ ಉಸಿರಾಟಕ್ಕೆ ಖರ್ಚು ಮಾಡುವಷ್ಟನ್ನೂ ದ್ಯುತಿಸಂಶ್ಲೇಷಣೆಯಿಂದ ಗಳಿಸಲಾರದೆ, ಎಲೆ, ಕಾಂಡ, ಬೇರುಗಳಲ್ಲಿ ಕೂಡಿಟ್ಟದ್ದನ್ನು ಕರಗಿಸಿಕೊಂಡು ಬದುಕತೊಡಗುತ್ತದೆ. ಆರಂಭದ ದಿನ ಹಸಿರಾಗಿ ಹೊಳೆಯುವ ಗಿಡ ಮೂರನೆಯ ತಿಂಗಳಲ್ಲಿ ಹಳದಿ ತಿರುಗಿ ಸೊರಗುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ. ಅದಕ್ಕೆ ಗೊಬ್ಬರ ಹಾಕುವುದು ಜೀರ್ಣಶಕ್ತಿ ಇಲ್ಲದವನಿಗೆ ಎರಡು ಊಟ ಬಡಿಸಿದಂತೆ.

ಸೀಮೆಸುಣ್ಣದ ಗೆರೆಗಳು ಕೋಣೆಯನ್ನು ಮೂರು ಪಟ್ಟಿಗಳಾಗಿ ಒಡೆದಿದ್ದವು. ಮೇಜುಗಳನ್ನು ಎಲ್ಲಿಡಬೇಕೆಂಬುದನ್ನು ನಾನು ಆಮೇಲೆ ನಿರ್ಧರಿಸಿದೆ. ಕಿಟಕಿಯ ಪಕ್ಕದ ಜಾಗ ಗ್ರಾಹಕರಿಗೆ ಅತಿ ಪ್ರಿಯವಾದದ್ದು ಎಂದು ಮಾಲೀಕರು ವಾದಿಸಿದರು, ಅದು ನಿಜವೂ ಹೌದು. ಆದರೆ ಗಿಡಗಳ ಸುತ್ತ ಕೋಣೆ ಕಟ್ಟುತ್ತೇವೆ ಎಂದ ಮೇಲೆ ಅತ್ಯುತ್ತಮ ಜಾಗದಲ್ಲಿ ಅವುಗಳಿಗೂ ಪಾಲು ಕೊಡಬೇಕು. ಕೊನೆಗೆ ಕಿಟಕಿಯ ಉದ್ದಕ್ಕೂ ಒಂದೂವರೆ ಅಡಿ ಅಗಲದ ತಗ್ಗಾದ ಕಟ್ಟೆ ಕಟ್ಟಿಸಿ ಅದರ ಮೇಲೆ ಕುಂಡಗಳನ್ನಿಟ್ಟೆವು, ಅದಕ್ಕೆ ಒತ್ತಿಕೊಂಡಂತೆ ಎರಡು ಮೇಜುಗಳು ಬಂದವು.

ರೆಸ್ಟೋರೆಂಟಿನಲ್ಲಿ ಗಿಡ ಮತ್ತು ಮನುಷ್ಯರ ಬೇಡಿಕೆಗಳು ನೇರವಾಗಿ ಘರ್ಷಿಸುವುದು ದೀಪದ ವಿಷಯದಲ್ಲಿ. ಸಂಜೆಯ ಊಟಕ್ಕೆ ಕುಳಿತವರಿಗೆ ಮೇಜಿನ ಮೇಲೆ ನೂರು ಲಕ್ಸಿನ ಆಸುಪಾಸಿನ ಬೆಚ್ಚನೆಯ ಹಳದಿ ಬೆಳಕು ಹಿತ, ಗಿಡಕ್ಕೆ ಅದು ಕತ್ತಲೆಗೆ ಸಮ. ಇದಕ್ಕೆ ಪರಿಹಾರ ಕಾಲದಲ್ಲಿದೆ ಎಂಬುದು ನನಗೆ ಹೊಳೆಯಲು ಕೆಲವು ವರ್ಷಗಳೇ ಬೇಕಾದವು. ಗಿಡದ ಹಗಲು ಮತ್ತು ಗ್ರಾಹಕರ ಸಂಜೆ ಒಂದೇ ಹೊತ್ತಿನಲ್ಲಿ ನಡೆಯಬೇಕಾಗಿಲ್ಲ. ಹಿಂಗೋಡೆಯ ಗಿಡಗಳ ಮೇಲೆ, ಬೆಳಕಿನ ಬಣ್ಣ ಸೂಚಿಸುವ ಅಳತೆಯಲ್ಲಿ 4000 ಕೆಲ್ವಿನ್‌ನ ಬಿಳಿ ಎಲ್‌ಇಡಿ ದೀಪಗಳನ್ನು ಪ್ರತ್ಯೇಕ ಲೈನಿನಲ್ಲಿ ಹಾಕಿ ಟೈಮರ್ ಜೋಡಿಸಿದೆವು. ಅವು ಬೆಳಿಗ್ಗೆ 5ಕ್ಕೆ ಹತ್ತಿ ಸಂಜೆ 5ಕ್ಕೆ ಆರುತ್ತವೆ. ಮೇಜುಗಳ ಮೇಲಿನ 2700 ಕೆಲ್ವಿನ್ ಹಳದಿ ದೀಪಗಳು ಬೆಳಗುವ ಹೊತ್ತಿಗೆ ಗಿಡಗಳು ದಿನದ ಗಳಿಕೆ ಮುಗಿಸಿ ವಿರಮಿಸುತ್ತಿರುತ್ತವೆ. ನೇರಳೆ ಬಣ್ಣದ ಗಿಡದ ದೀಪಗಳನ್ನು ಊಟದ ಕೋಣೆಗೆ ನಾನು ಎಂದೂ ಒಪ್ಪುವುದಿಲ್ಲ. ಆ ಬೆಳಕಿನಲ್ಲಿ ತಟ್ಟೆಯ ಮೇಲಿನ ಯಾವ ಪದಾರ್ಥವೂ ತನ್ನ ಬಣ್ಣದಲ್ಲಿ ಕಾಣುವುದಿಲ್ಲ.

ಗಿಡಗಳ ಆಯ್ಕೆಯಲ್ಲಿ ನಾನು ತುಸು ಹಳೆಯ ಕಾಲದವನು. ಅಸ್ಪಿಡಿಸ್ಟ್ರಾ ಎಂಬ ಉದ್ದ ಎಲೆಯ ಗಿಡ 19ನೇ ಶತಮಾನದ ಇಂಗ್ಲೆಂಡಿನ ಮಬ್ಬುಗತ್ತಲೆಯ ಕೋಣೆಗಳಲ್ಲಿ, ಗ್ಯಾಸ್ ದೀಪದ ಹೊಗೆಯ ನಡುವೆಯೂ ಬಾಳಿ ಹೆಸರು ಗಳಿಸಿದ್ದು. ಹಿಂಗೋಡೆಗೆ ಅದಕ್ಕಿಂತ ನಂಬಿಕಸ್ಥ ಗಿಡ ನನಗೆ ಕಂಡಿಲ್ಲ. ಅದರ ಜೊತೆಗೆ, ಮಣ್ಣಿನೊಳಗಿನ ಗೆಡ್ಡೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಝಡ್‌ಝಡ್ ಪ್ಲಾಂಟ್ ಮತ್ತು ಸ್ನೇಕ್ ಪ್ಲಾಂಟ್. ನಡುವಣ ಪಟ್ಟಿಗೆ ಮನಿ ಪ್ಲಾಂಟ್, ಅಗ್ಲೋನೆಮಾ, ಪೀಸ್ ಲಿಲ್ಲಿ. ಚಿತ್ರಗಳಲ್ಲಿ ಎಲ್ಲರನ್ನೂ ಸೆಳೆಯುವ ಫೈಕಸ್ ಜಾತಿಯ ಮರಗಳಿಗೆ ಕಿಟಕಿಯ ಪಕ್ಕವನ್ನು ಬಿಟ್ಟು ಬೇರೆಲ್ಲೂ ಜಾಗ ಕೊಡಬಾರದು. ಅವು ಜಾಗ ಬದಲಾದ ಸಿಟ್ಟಿಗೆ ಎಲೆ ಉದುರಿಸುತ್ತವೆ. ಯಾವುದೇ ಗಿಡವಾಗಲಿ, ನರ್ಸರಿಯ ಬಿಸಿಲಿನಿಂದ ನೇರವಾಗಿ ಕೋಣೆಗೆ ತಂದಿಟ್ಟರೆ ಬಿಸಿಲಿಗೆಂದು ದಪ್ಪವಾಗಿ ಬೆಳೆದ ಎಲೆಗಳು ನೆರಳಿನಲ್ಲಿ ತಮ್ಮ ಖರ್ಚನ್ನೇ ತೂಗಿಸಲಾರವು. ಆದ್ದರಿಂದ ಆರಂಭದ ದಿನಕ್ಕೆ ಆರು ವಾರ ಮೊದಲೇ ಗಿಡಗಳನ್ನು ಕೊಂಡು ಹಂತಹಂತವಾಗಿ ನೆರಳಿಗೆ ಒಗ್ಗಿಸಿದೆವು. ಮನಿ ಪ್ಲಾಂಟ್, ಪೀಸ್ ಲಿಲ್ಲಿಗಳ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿದ್ದು, ಅಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಹೀಗಾಗಿ ಪುಟ್ಟ ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಅವುಗಳನ್ನು ಇಡಲಿಲ್ಲ. ಎಲೆಗಳನ್ನು ತಟ್ಟೆಯ ಅಲಂಕಾರಕ್ಕೆ ಎಂದೂ ಬಳಸಬಾರದೆಂದು ಅಡುಗೆಯವರಿಗೂ ತಿಳಿಸಿದೆ.

ಪ್ರತಿ ಮೇಜಿನ ಮೇಲೂ ಒಂದು ಪುಟ್ಟ ಕುಂಡ ಇರಲಿ ಎಂಬ ಸಲಹೆಯನ್ನು ನಾನು ಗಟ್ಟಿಯಾಗಿಯೇ ನಿರಾಕರಿಸಿದೆ. ಅನ್ನದ ಪಕ್ಕದಲ್ಲಿ ಒದ್ದೆ ಮಣ್ಣು ಇರಬಾರದು. ಅದರ ಬದಲು ಕುಂಡಗಳನ್ನು ಐದೈದರ ಗುಂಪಾಗಿಸಿ ಮೇಜುಗಳ ನಡುವೆ ಮರೆಯಂತೆ ನಿಲ್ಲಿಸಿದೆವು. ಕುಳಿತವರ ಕಣ್ಣಿನ ಮಟ್ಟ ನೆಲದಿಂದ ಸುಮಾರು 4 ಅಡಿ. ಎಲೆಗಳ ದಟ್ಟಣೆ ಆ ಎತ್ತರದಲ್ಲಿದ್ದರೆ ಪಕ್ಕದ ಮೇಜಿನವರ ಮುಖ ಮರೆಯಾಗುತ್ತದೆ, ನಿಂತು ಬಡಿಸುವವರಿಗೆ ಮಾತ್ರ ಇಡೀ ಕೋಣೆ ಕಾಣುತ್ತದೆ. ಬಡಿಸುವ ದಾರಿಯ 3 ಅಡಿ ಅಗಲದೊಳಗೆ ಒಂದು ಎಲೆಯೂ ಚಾಚದಂತೆ ನೋಡಿಕೊಂಡೆವು, ಏಕೆಂದರೆ ದಿನವಿಡೀ ಮೈ ತಾಗುವ ಎಲೆ ಹರಿದು ಕಂದುಬಣ್ಣಕ್ಕೆ ತಿರುಗುತ್ತದೆ.

ಇನ್ನು ನೀರು. ಬೇರೊಂದು ಕಡೆ ನಾನು ಮಾಡಿದ ಹಿಂದಿನ ಕೆಲಸದಲ್ಲಿ ಗಿಡಗಳಿಗೆ ನೀರು ಹಾಕುವವರು ಯಾರೆಂದು ಗೊತ್ತುಮಾಡಿರಲಿಲ್ಲ. ಅದು ನನ್ನದೇ ತಪ್ಪು. ಕಂಡವರೆಲ್ಲ ಅಕ್ಕರೆಯಿಂದ ಒಂದೊಂದು ಲೋಟ ಸುರಿದರು, ಎರಡೇ ತಿಂಗಳಲ್ಲಿ ಬೇರುಗಳು ಕೊಳೆತವು. ಒದ್ದೆಯಾಗಿಯೇ ಉಳಿದ ಮಣ್ಣಿನ ಮೇಲ್ಪದರದಲ್ಲಿ ಸಣ್ಣ ಕಪ್ಪು ನೊಣಗಳು ಮೊಟ್ಟೆಯಿಟ್ಟು, ಮೂರು ನಾಲ್ಕು ವಾರಗಳಲ್ಲಿ ಒಂದು ಪೀಳಿಗೆಯಂತೆ ಹೆಚ್ಚಿ ಊಟದ ಮೇಜಿನ ಮೇಲೆ ಹಾರಾಡಿದವು. ಊಟದ ಕೋಣೆಯಲ್ಲಿ ಕೀಟನಾಶಕ ಸಿಂಪಡಿಸುವಂತಿಲ್ಲವಾದ್ದರಿಂದ ಅಲ್ಲಿನ ಗಿಡಗಳನ್ನೆಲ್ಲ ಹೊರಹಾಕಬೇಕಾಯಿತು. ಆ ದಿನದ ನೋವು ನನಗೆ ಇನ್ನೂ ಇದೆ. ಈ ಬಾರಿ ಪ್ರತಿ ಗಿಡವೂ ಪ್ಲಾಸ್ಟಿಕ್ ಒಳಕುಂಡದಲ್ಲಿದ್ದು, ನೀರು ಕೆಳಗಿನ ತೊಟ್ಟಿಯಿಂದ ಬತ್ತಿಯ ಮೂಲಕ ಮೇಲೇರುತ್ತದೆ. ಮೇಲಿನ ಒಂದು ಅಂಗುಲ ಒಣಗಿಯೇ ಇರುವುದರಿಂದ ನೊಣಗಳಿಗೆ ಮೊಟ್ಟೆಯಿಡಲು ತಾವಿಲ್ಲ. ಕಿಟಕಿಯ ಕಟ್ಟೆಯೊಳಗೆ ಒಂದು ನಲ್ಲಿಯನ್ನೂ ನೆಲಮಟ್ಟದಲ್ಲಿ ನೀರು ಹೋಗುವ ಕಿಂಡಿಯನ್ನೂ ಮಾಡಿಸಿದ್ದೇವೆ. ತೂಗುಕುಂಡಗಳನ್ನು ಎರಡಕ್ಕೆ ಸೀಮಿತಗೊಳಿಸಿದೆವು: 20 ಲೀಟರ್ ಮಣ್ಣು ಹಿಡಿಯುವ ಕುಂಡ ನೀರು ಕುಡಿದ ಮೇಲೆ 20 ಕಿಲೋಗಿಂತ ಹೆಚ್ಚು ತೂಗುತ್ತದೆ, ಅದನ್ನು ಜನರ ತಲೆಯ ಮೇಲೆ ತೂಗುಹಾಕುವ ಧೈರ್ಯ ನನಗಿಲ್ಲ.

ಇಡೀ ಗೋಡೆಯನ್ನೇ ಹಸಿರಾಗಿಸುವ ಮಾತೂ ಬಂತು. ಪ್ಯಾರಿಸ್ಸಿನ ಕೇ ಬ್ರಾನ್ಲಿ ವಸ್ತುಸಂಗ್ರಹಾಲಯದ ಹೊರಗೋಡೆಯ ಮೇಲೆ ಫ್ರೆಂಚ್ ಸಸ್ಯವಿಜ್ಞಾನಿ ಪ್ಯಾಟ್ರಿಕ್ ಬ್ಲಾಂಕ್ ಬೆಳೆಸಿದ ತೋಟವನ್ನು ಮೆಚ್ಚದವರಿಲ್ಲ. ಅವರ ಪದ್ಧತಿಯಲ್ಲಿ ಮಣ್ಣಿಲ್ಲದ ಬಟ್ಟೆಯ ಪದರಗಳ ಮೇಲೆ ಪೋಷಕಾಂಶ ಬೆರೆತ ನೀರು ಸದಾ ಇಳಿಯುತ್ತಿರಬೇಕು; ಪಂಪು ಒಂದು ದಿನ ನಿಂತರೂ ಗೋಡೆಗೆ ಅಪಾಯ. 24 ಕುರ್ಚಿಗಳ ರೆಸ್ಟೋರೆಂಟ್ ಆ ಹೊರೆಯನ್ನು ಹೊರಬಾರದು ಎಂದು ಹೇಳಿ ಕೈಬಿಡಿಸಿದೆ.

ನಮ್ಮ ಗಿಡಗಳು ಗಾಳಿಯನ್ನು ಶುದ್ಧಗೊಳಿಸುತ್ತವೆ ಎಂಬ ಫಲಕ ಹಾಕುವ ಆಸೆ ಮಾಲೀಕರಿಗಿತ್ತು. 1989ರ ನಾಸಾ ಪ್ರಯೋಗದಿಂದ ಹಬ್ಬಿದ ಈ ನಂಬಿಕೆ ಮೊಹರು ಮಾಡಿದ ಪುಟ್ಟ ಪೆಟ್ಟಿಗೆಗಳಲ್ಲಿ ಕಂಡ ಫಲಿತಾಂಶದ್ದು. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು ಅಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕಹಾಕಿ, ಕಟ್ಟಡದೊಳಗೆ ಸಹಜವಾಗಿ ಗಾಳಿಯಾಡುವುದರಿಂದ ಆಗುವಷ್ಟು ಶುದ್ಧೀಕರಣಕ್ಕೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡಗಳು ಬೇಕಾಗುತ್ತವೆ ಎಂದು ತೋರಿಸಿದರು. ವಸ್ತುಸ್ಥಿತಿ ಅದಕ್ಕೆ ವಿರುದ್ಧವಾಗಿಯೇ ಇದೆ: ಇಲ್ಲಿ ಗಾಳಿಯಿಂದ ಗಿಡಗಳನ್ನು ಕಾಪಾಡಬೇಕು. ಅಡುಗೆಮನೆಯಿಂದ ತೇಲಿಬರುವ ಎಣ್ಣೆಯ ಆವಿ ಎಲೆಯ ಮೇಲೆ ಪೊರೆಯಾಗಿ ಕೂತು ಅದಕ್ಕೆ ಧೂಳು ಅಂಟುತ್ತದೆ, ಏಸಿಯ ಒಣಗಾಳಿ ನೇರವಾಗಿ ಬಡಿದಲ್ಲಿ ಎಲೆಯ ತುದಿ ಸುಡುತ್ತದೆ. ಅಡುಗೆಮನೆಯ ಬಾಗಿಲಿನ ಪಕ್ಕದ ಮೂಲೆಯನ್ನು ಖಾಲಿ ಬಿಟ್ಟದ್ದು ಇದಕ್ಕೇ. ಫಲಕ ಹಾಕಲಿಲ್ಲ.

ಈಗ ಅಲ್ಲಿ ಒಬ್ಬ ಹುಡುಗಿ ವಾರಕ್ಕೆರಡು ದಿನ, ಬಾಗಿಲು ತೆರೆಯುವ ಒಂದೂವರೆ ಗಂಟೆ ಮೊದಲು ಬಂದು ತೊಟ್ಟಿಗಳಿಗೆ ನೀರು ತುಂಬಿ, ಒದ್ದೆ ಬಟ್ಟೆಯಿಂದ ಎಲೆಗಳನ್ನು ಒರೆಸುತ್ತಾಳೆ. ಎಲೆಯ ಬೆನ್ನಿಗೆ ಹಿಟ್ಟುತಿಗಣೆ ಹತ್ತಿದೆಯೇ ಎಂದು ನೋಡುವುದೂ ಅವಳ ಕೆಲಸ. ಆ ಹೊತ್ತಿನ ಸಂಬಳ ವಿನ್ಯಾಸದ ಅಂದಾಜುಪಟ್ಟಿಯಲ್ಲೇ ಸೇರಿತ್ತು. ತಿಂಗಳಿಗೊಮ್ಮೆ ಹಿಂಗೋಡೆಯ ಆರು ಕುಂಡಗಳು ಕಿಟಕಿಯ ಕಟ್ಟೆಗೆ ಬರುತ್ತವೆ, ಕಟ್ಟೆಯ ಮೇಲಿನ ಆರು ಹಿಂದಕ್ಕೆ ಹೋಗುತ್ತವೆ. ಕಳೆದ ವಾರ ಹೋದಾಗ ಹಿಂಗೋಡೆಯ ಅಸ್ಪಿಡಿಸ್ಟ್ರಾದ ಬುಡದಲ್ಲಿ ಸುರುಳಿ ಬಿಚ್ಚದ ಎರಡು ಹೊಸ ಎಲೆಗಳಿದ್ದವು.