ಬ್ಲಿಂಕ್ ಆಗುವ ಹೀಟರ್ ಲೈಟ್: ಇಲ್ಲಿವರೆಗೆ ನೋಡಿದ್ದು

ಕಾರು ಹಳೆಯದು, 1.9 ಲೀಟರ್ ಟರ್ಬೊ ಡೀಸೆಲ್. ಮೀಟರ್‌ನಲ್ಲಿ ಸ್ಪ್ರಿಂಗ್ ಆಕಾರದ ಹಳದಿ ಲೈಟ್ ಇರುತ್ತಲ್ಲ, ಚಳಿಯಲ್ಲಿ ಸ್ಟಾರ್ಟ್ ಆಗಲು ಇಂಜಿನ್ ಒಳಗೆ ಕಾಯುವ ಗ್ಲೋ ಪ್ಲಗ್‌ದು, ಗ್ಯಾರೇಜಿನವರು ಹೀಟರ್ ಲೈಟ್ ಅನ್ನೋದು, ಅದು ಹೊಸೂರು ರಸ್ತೆಯಲ್ಲಿ ಹೋಗುತ್ತಿದ್ದಾಗಲೇ ಬ್ಲಿಂಕ್ ಆಗತೊಡಗಿತು. ಪಿಕಪ್ ಕೂಡ ಕಡಿಮೆಯಾಯಿತು. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಹೋಗುತ್ತದೆ. ಒಂದೆರಡು ಸಿಗ್ನಲ್ ದಾಟಿದ ಮೇಲೆ ಮತ್ತೆ ಹಾಜರ್.

ಮೆಕ್ಯಾನಿಕ್ ಫೋನಲ್ಲೇ ಹೇಳಿದರು: "ಹೀಟರ್ ಪ್ಲಗ್ ಹೋಗಿದೆ ಸಾರ್, ನಾಲ್ಕೂ ಚೇಂಜ್ ಮಾಡಿಬಿಡೋಣ." ಸ್ವಲ್ಪ ತಡೀರಿ, ನೋಡಿ ಹೇಳ್ತೀನಿ ಅಂದೆ.

ಯಾಕೆಂದರೆ ಈ ಲೈಟ್‌ಗೆ ಎರಡು ಕೆಲಸ. ಕೀ ತಿರುಗಿಸಿದಾಗ ಉರಿದು ಆರಿದರೆ ಅದು ಪ್ಲಗ್ ವಿಷಯ. ಓಡುವಾಗ ಬ್ಲಿಂಕ್ ಆದರೆ ಇಂಜಿನ್ ಕಂಪ್ಯೂಟರ್‌ಗೆ ಇನ್ನೇನೋ ತೊಂದರೆ ಕಂಡಿದೆ, ಅದನ್ನು ಇದೇ ಲೈಟ್ ಮೂಲಕ ಹೇಳುತ್ತಿದೆ ಅಂತ ಅರ್ಥ. ಎಲ್ಲ ಡೀಸೆಲ್ ಕಾರಿನಲ್ಲೂ ಹೀಗಿಲ್ಲ, ನನ್ನ ಕಾರಿನ ಜಾತಿಯಲ್ಲಿ ಹೀಗೆ. ಇನ್ನೊಂದು ಮಾತು. ಈ ಇಂಜಿನ್ ಪ್ಲಗ್‌ಗಳನ್ನು ಕಾಯಿಸೋದೇ ಕೂಲೆಂಟ್, ಅಂದರೆ ಇಂಜಿನ್ ತಂಪು ಮಾಡುವ ದ್ರವ, 9 ಡಿಗ್ರಿಗಿಂತ ಕೆಳಗಿದ್ದಾಗ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ! ಅಂದರೆ ಇಲ್ಲಿ ನಾಲ್ಕೂ ಪ್ಲಗ್ ಸತ್ತಿದ್ದರೂ ಕಾರು ಆರಾಮಾಗಿ ಸ್ಟಾರ್ಟ್ ಆಗುತ್ತದೆ. ಡೀಸೆಲ್ ಹೊತ್ತಿಕೊಳ್ಳೋದು ಒತ್ತಿದ ಗಾಳಿಯ ಬಿಸಿಗೆ. ಪ್ಲಗ್ ಬರೀ ಚಳಿಯ ಸಹಾಯಕ.

ಶನಿವಾರ ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಕೋಡ್ ಓದುವ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದೆ. ಪ್ಲಗ್ ತೊಂದರೆ ಕಂಡು ಕಂಪ್ಯೂಟರ್ ಲೈಟ್ ಹಾಕಿದ್ದರೆ ಪಿ0380 ಅಥವಾ ಪಿ0671ರಿಂದ ಪಿ0674ರ ಒಳಗೆ ಏನಾದರೂ ಬರಬೇಕು. ಬಂದಿದ್ದು ಪಿ0571 ಒಂದೇ. ಅದು ಬ್ರೇಕ್ ಸ್ವಿಚ್ ಕೋಡ್, ಪೆಡಲ್ ತುಳಿದಾಗ ಬ್ರೇಕ್ ಲೈಟ್ ಹೊತ್ತಿಸುವ ಸ್ವಿಚ್.

ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಕಾರಿನ ಹಿಂಬದಿಯನ್ನು ಗೋಡೆಗೆ ಮಾಡಿ ನಿಲ್ಲಿಸಿ, ಕನ್ನಡಿಯಲ್ಲಿ ನೋಡುತ್ತಾ ಪೆಡಲ್ ತುಳಿದೆ. ಗೋಡೆ ಕೆಂಪಾಯಿತು. ಮೆಲ್ಲಗೆ, ಟ್ರಾಫಿಕ್‌ನಲ್ಲಿ ತುಳಿಯೋ ಹಾಗೆ ಬರೀ ಪಾದ ಇಟ್ಟೆ. ಕೆಲವು ಸಲ ಬಂತು, ಕೆಲವು ಸಲ ಬರಲೇ ಇಲ್ಲ. ನಿಜಕ್ಕೂ ಭಯವಾಯಿತು. ಇಷ್ಟು ದಿನ ಹಿಂದಿನವರಿಗೆ ನಾನು ಬ್ರೇಕ್ ಹಾಕಿದ್ದು ಗೊತ್ತೇ ಆಗಿರದ ಗಳಿಗೆಗಳು ಇದ್ದಿರಬೇಕು. ಹೀಟರ್ ಲೈಟ್ ಹೀಗೆ ಬ್ಲಿಂಕ್ ಆದರೆ ಯಾರೇ ಆಗಲಿ ಮೊದಲು ಬ್ರೇಕ್ ಲೈಟ್ ನೋಡಿ, ದಯವಿಟ್ಟು.

ಸ್ವಿಚ್ ಇರೋದು ಪೆಡಲ್ ಮೇಲ್ಗಡೆ. ಸೀಟ್ ಹಿಂದಕ್ಕೆ ತಳ್ಳಿ, ತಲೆ ಕೆಳಗೆ ತೂರಿಸಿ ಮಲಗಬೇಕು. ನಾಲ್ಕು ವೈರ್, ಒಳಗೆ ಎರಡು ಕಾಂಟ್ಯಾಕ್ಟ್. ಪೆಡಲ್ ತುಳಿದಾಗ ಒಂದು ಕೂಡಿಕೊಳ್ಳಬೇಕು, ಇನ್ನೊಂದು ಬಿಡಬೇಕು. ಎರಡೂ ತಾಳೆಯಾಗದಿದ್ದರೆ ಕಂಪ್ಯೂಟರ್ ಯಾವುದನ್ನು ನಂಬಬೇಕು ಹೇಳಿ? ಇದರಲ್ಲಿ ಆಕ್ಸಲರೇಟರ್‌ಗೆ ಕೇಬಲ್ ಇಲ್ಲ, ಬರೀ ಸೆನ್ಸರ್. ಹಾಗಾಗಿ ಬ್ರೇಕ್ ಮಾತಿನ ಮೇಲೆ ಅನುಮಾನ ಬಂದರೆ ಅದು ಲೈಟ್ ಹಾಕುತ್ತದೆ, ಪವರ್ ತಗ್ಗಿಸುತ್ತದೆ. ಒಳ್ಳೆಯ ಏರ್ಪಾಡು ಅನಿಸಿತು ನನಗೆ.

ಕನೆಕ್ಟರ್ ಕಿತ್ತು ಮಲ್ಟಿಮೀಟರ್ ಬೀಪ್‌ನಲ್ಲಿ ಇಟ್ಟು ಸ್ವಿಚ್ಚಿನ ಪ್ಲಂಜರ್, ಅಂದರೆ ಒಳಗೆ ಹೊರಗೆ ಆಡುವ ಕಡ್ಡಿ, ಬೆರಳಲ್ಲಿ ಒತ್ತಿ ನೋಡಿದೆ. ಒಂದು ಜೋಡಿ ಪಿನ್ ಸರಿಯಾಗಿತ್ತು. ಬ್ರೇಕ್ ಲೈಟ್ ಕಡೆಯ ಜೋಡಿ ತೊದಲುತ್ತಿತ್ತು. ಆಮೇಲೆ ಸ್ವಿಚ್ ಬಿಚ್ಚಿದರೆ ತಾಮ್ರದ ಎಲೆಯ ತುದಿ ಕಪ್ಪಗೆ ಸುಟ್ಟು, ನಡುವೆ ಸಣ್ಣ ಗುಳಿ ಬಿದ್ದಿತ್ತು. ಸಿಲ್ಕ್ ಬೋರ್ಡ್ ಕಡೆ ದಿನಾ ಓಡಾಡುವ ಕಾರಿನ ಬ್ರೇಕ್ ಸ್ವಿಚ್ ಅಲ್ವಾ, ಎಷ್ಟು ಸಲ ತಾನೇ ತಾಳೀತು.

ಬಿಡಿಭಾಗ ಸಿಗುವ ಜೆ.ಸಿ. ರೋಡಿಗೆ ಹಳೇ ಸ್ವಿಚ್ಚನ್ನೇ ಹಿಡಿದುಕೊಂಡು ಹೋದೆ. ಎರಡು ಪಿನ್ನಿನದೂ ಇರುತ್ತದೆ, ನಾಲ್ಕು ಪಿನ್ನಿನದೂ ಇರುತ್ತದೆ, ಬಾಯಲ್ಲಿ ಹೇಳಿದರೆ ಕೆಲಸ ಆಗಲ್ಲ. ಹೊಸದನ್ನು ಕೂರಿಸುವಾಗ ಪ್ಲಂಜರ್ ಪೂರ್ತಿ ಹೊರಗೆಳೆದು, ಪೆಡಲ್ ಕೈಯಲ್ಲಿ ಕೆಳಗೆ ಒತ್ತಿ ಹಿಡಿದು, ಸ್ವಿಚ್ ತೂರಿಸಿ ತಿರುಗಿಸಬೇಕು. ಪೆಡಲ್ ನಿಧಾನ ಬಿಟ್ಟರೆ ಪ್ಲಂಜರ್ ಟಿಕ್ ಟಿಕ್ ಅಂತ ತನ್ನ ಅಳತೆಗೆ ಕೂರುತ್ತದೆ. ಕೋಡ್ ಅಳಿಸಿದೆ. ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬಂದೆ. ಲೈಟ್ ಇಲ್ಲ, ಪಿಕಪ್ ವಾಪಸ್.

ಆಮೇಲೆ ಬಾನೆಟ್ ತೆಗೆದು ಪ್ಲಗ್‌ಗಳನ್ನೂ ಅಳೆದೆ. ಕನೆಕ್ಟರ್ ತೆಗೆದು, ಮೀಟರ್‌ನ ಒಂದು ಕಡ್ಡಿ ಪ್ಲಗ್ ತುದಿಗೆ, ಇನ್ನೊಂದು ಇಂಜಿನ್ ಬಾಡಿಗೆ. ಮೂರು ಒಂದು ಓಮ್ ಆಸುಪಾಸಿನಲ್ಲಿದ್ದವು. ಮೂರನೇ ಸಿಲಿಂಡರ್‌ದು ಪೂರಾ ಓಪನ್, ಸತ್ತಿದೆ. ನನ್ನ ಕಾರಿನಲ್ಲಿ ನಾಲ್ಕಕ್ಕೂ ಕರೆಂಟ್ ಕೊಡೋದು ಒಂದೇ ರಿಲೇ, ಒಂದು ಹೋದರೆ ಕಂಪ್ಯೂಟರ್‌ಗೆ ತಿಳಿಯಲ್ಲ. ಮೆಕ್ಯಾನಿಕ್ ಹೇಳಿದ್ದು ಪೂರ್ತಿ ಸುಳ್ಳೇನೂ ಅಲ್ಲ ಹಾಗಾದರೆ, ಆದರೆ ಲೈಟ್‌ಗೆ ಕಾರಣ ಅದಲ್ಲ.

ಜನವರಿಯಲ್ಲಿ ಊಟಿಗೆ ಹೋಗೋ ಯೋಚನೆ ಇದೆ. ಅಲ್ಲಿ ಬೆಳಿಗ್ಗೆ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗುತ್ತದೆ, ಪ್ಲಗ್ ಬೇಕೇ ಬೇಕು. ಹಿಂದಿನ ರಾತ್ರಿ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಇಂಜಿನ್ ಬಿಸಿಯಿರುವಾಗ 10 ಎಂಎಂ ಉದ್ದ ಸಾಕೆಟ್‌ನಲ್ಲಿ ಹಿಂದೆ ಮುಂದೆ ಆಡಿಸುತ್ತಾ ಬಿಚ್ಚಬೇಕು. ಜೋರು ಮಾಡಿ ಮುರಿದರೆ ಇಂಜಿನ್‌ನ ಮೇಲ್ಭಾಗ, ಅಂದರೆ ಹೆಡ್, ಇಳಿಸೋ ತನಕ ಹೋಗಬಹುದು. ಮುಂದಿನ ವಾರ ಕೈ ಹಾಕುತ್ತೇನೆ.