ಜೇನುಹುಳ ನೋಡಿ ಚಾಕು ಕೊಳ್ಳಬೇಡಿ

ಪ್ಯಾರಿಸ್‌ಗೆ ಬಂದ ಮೊದಲ ದಿನವೇ 34 ಯೂರೋ ಕೊಟ್ಟು ಟೋಪಿ ಹಾಕಿಸಿಕೊಂಡೆ. ಪ್ರವಾಸಿಗರು ಮುತ್ತುವ ಬೀದಿಯ ಒಂದು ಅಂಗಡಿ. ಗಾಜಿನ ಪೆಟ್ಟಿಗೆಯಲ್ಲಿ ಮಡಚುವ ಚಾಕು, ಅದರ ಬೆನ್ನಿನ ಮೇಲೆ ಲೋಹದ ಜೇನುಹುಳ, ಅಲಗಿನ ಮೇಲೆ ಲಾಯೋಲ್ ಎಂಬ ಹೆಸರು. ಹಿಡಿ ಅಪ್ಪಟ ಕೊಂಬಿನದು ಎಂದು ಮಾರುವವನು ಎದೆ ಮುಟ್ಟಿಕೊಂಡು ಹೇಳಿದ. ರಾತ್ರಿ ಕೋಣೆಯಲ್ಲಿ ಸೇಬು ಹೆಚ್ಚಲು ಕೂತಾಗ ನೋಡುತ್ತೇನೆ, ಹಿಡಿಯ ಎರಡು ಬದಿಯಲ್ಲೂ ಒಂದೇ ಗೆರೆ, ಒಂದೇ ಜಾಗದಲ್ಲಿ ಒಂದೇ ಬಿಳಿ ಮಚ್ಚೆ. ಯಾವ ದನದ ಕೊಂಬೂ ಅಚ್ಚಿನಲ್ಲಿ ಬೆಳೆಯುವುದಿಲ್ಲ. ಪ್ಲಾಸ್ಟಿಕ್!

ಆಮೇಲೆ ತಿಳಿಯಿತು: ಲಾಯೋಲ್ ಎಂಬುದು ಒಂದು ಕಂಪನಿಯ ಹೆಸರಲ್ಲ. ದಕ್ಷಿಣ ಫ್ರಾನ್ಸಿನ ಓಬ್ರಾಕ್ ಪ್ರಸ್ಥಭೂಮಿಯ ಒಂದು ಊರು, ಆ ಊರಿನ ಮಾದರಿಯ ಚಾಕು. ಹೊರಗಿನ ವ್ಯಾಪಾರಿಯೊಬ್ಬ 1993ರಲ್ಲಿ ಆ ಹೆಸರನ್ನೇ ತನ್ನ ಟ್ರೇಡ್‌ಮಾರ್ಕ್ ಮಾಡಿಕೊಂಡ, ಅದಕ್ಕಾಗಿ ಊರಿನವರು ವರ್ಷಗಟ್ಟಲೆ ಕೋರ್ಟು ಹತ್ತಿಳಿದರು. ಈ ಹೆಸರು ಹೊತ್ತ ಚಾಕುಗಳು ಚೀನಾ, ಪಾಕಿಸ್ತಾನಗಳಿಂದಲೂ ಬರುತ್ತವೆ. ಮೈಸೂರು ಪಾಕ್ ಎಂದು ಬರೆದ ಡಬ್ಬಿಯೆಲ್ಲ ಮೈಸೂರಿನಿಂದಲೇ ಬರುತ್ತದೆಯೇ? ಜೇನುಹುಳಕ್ಕೂ ನೆಪೋಲಿಯನ್ನನಿಗೂ ಗಂಟು ಹಾಕುವ ಕಥೆಯನ್ನೂ ನಂಬಬೇಡಿ. ಸ್ಪ್ರಿಂಗಿನ ಆ ತುದಿಗೆ ಚಾಕು ಮಾಡುವವರು ಮುಶ್, ಅಂದರೆ ನೊಣ, ಎನ್ನುತ್ತಾರೆ, ಅಷ್ಟೇ.

ಹಟ ಹಿಡಿದು ಆ ಲಾಯೋಲ್ ಊರಿಗೇ ಹೊರಟೆ. ಪ್ಯಾರಿಸ್‌ನ ಓಸ್ಟರ್‌ಲಿಟ್ಜ್ ನಿಲ್ದಾಣದಿಂದ ರೊಡೇಜ್‌ಗೆ ರಾತ್ರಿ ರೈಲು ಇದೆ, ಮಲಗಿಕೊಂಡೇ ತಲುಪಬಹುದು. ತೊಂದರೆ ಇರುವುದು ಮುಂದಿನ ಸುಮಾರು 55 ಕಿಲೋಮೀಟರ್ ದಾರಿಯಲ್ಲಿ. ಲಾಯೋಲ್‌ಗೆ ರೈಲಿಲ್ಲ. ನಾನು ಇಳಿದದ್ದು ಭಾನುವಾರ ಬೆಳಿಗ್ಗೆ. ಹಳ್ಳಿ ಬಸ್ಸುಗಳಿಗೂ ಭಾನುವಾರಕ್ಕೂ ಅಲ್ಲಿ ಆಗಿಬರುವುದಿಲ್ಲ ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಮೂರು ಗಂಟೆ ಬೆಂಚಿನ ಮೇಲೆ ಕೂತು, ಕೊನೆಗೆ ಟ್ಯಾಕ್ಸಿಗೆ 140 ಯೂರೋ ತೆತ್ತೆ. ಆ ದುಡ್ಡಿನಲ್ಲಿ ಒಂದು ಒಳ್ಳೆಯ ಚಾಕು ಬರುತ್ತಿತ್ತು. ವಾರದ ದಿನ ಹೋಗಿ, ಬಸ್ ಎಷ್ಟು ಗಂಟೆಗೆ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಇಬ್ಬರು ಮೂವರಿದ್ದರೆ ಬಾಡಿಗೆ ಕಾರೇ ಅಗ್ಗ.

ಊರು ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿದೆ. ಅಕ್ಟೋಬರಿನಲ್ಲೇ ಹಲ್ಲು ಕಟಕಟ ಎನ್ನುತ್ತಿತ್ತು. ನಾನು ಇಳಿದುಕೊಂಡ ಕೋಣೆಗೆ 98 ಯೂರೋ. ಕೋಣೆ ಬಿಸಿಮಾಡುವ ಯಂತ್ರ ರಾತ್ರಿ ಹತ್ತಕ್ಕೆ ತಾನೇ ಆರಿಹೋಗುತ್ತಿತ್ತು. ಹೆಚ್ಚು ಹೇಳಿ ಪ್ರಯೋಜನವಿಲ್ಲ, ಒಂದು ಕಂಬಳಿ ಒಯ್ಯಿರಿ.

ಆದರೆ ಊಟ! ಸಂತೆ ಮೈದಾನದಲ್ಲಿ ಕಂಚಿನ ಗೂಳಿ ನಿಂತಿದೆ. ಅದರ ಹಿಂದಿನ ಓಣಿಯಲ್ಲಿ ಆರು ಮೇಜಿನ ಒಂದು ಸಣ್ಣ ಹೋಟೆಲು. 11 ಯೂರೋಗೆ ಅಲಿಗೋ. ಬೇಯಿಸಿದ ಆಲೂಗಡ್ಡೆ ಹಿಸುಕಿ, ಬೆಣ್ಣೆ, ಬೆಳ್ಳುಳ್ಳಿ, ಇನ್ನೂ ಹಣ್ಣಾಗದ ಎಳೆಯ ಚೀಸ್ ಹಾಕಿ, ಮರದ ಹುಟ್ಟಿನಿಂದ ಮುದ್ದೆ ತೊಳಸಿದ ಹಾಗೆಯೇ ತೊಳಸುತ್ತಾರೆ. ಗಂಟಿದ್ದರೆ ಅಲ್ಲಿ ಬಡಿಸುವ ಅಜ್ಜಿ ತಟ್ಟೆಗೆ ಬಿಡುವುದೇ ಇಲ್ಲ. ಹದ ಬಂದಾಗ ಹುಟ್ಟನ್ನು ಮೇಲೆತ್ತಿದರೆ ಒಂದು ಮೊಳ ಉದ್ದದ ನೂಲು ಎಳೆಯುತ್ತದೆ. ಅಗಿಯುವ ಕೆಲಸವಿಲ್ಲ, ಮುದ್ದೆಯಂತೆ ಜಾರುತ್ತದೆ. ಹಿಂದೆ ಓಬ್ರಾಕ್‌ನ ಸನ್ಯಾಸಿಗಳು ಯಾತ್ರಿಕರಿಗೆ ಬಡಿಸುತ್ತಿದ್ದರು ಎಂಬ ಮಾತಿದೆ. ಸಾಮಾನ್ಯವಾಗಿ ಪಕ್ಕದಲ್ಲಿ ಮಾಂಸದ ಸಾಸೇಜ್ ಇಡುತ್ತಾರೆ, 'ಸಾನ್ ವಿಯಾಂಡ್' ಎಂದರೆ ಬರೀ ಅಲಿಗೋ ಕೊಡುತ್ತಾರೆ. ಕಟ್ಟಾ ಸಸ್ಯಾಹಾರಿಗಳು ಗಮನಿಸಿ, ಅಲ್ಲಿನ ಸಾಂಪ್ರದಾಯಿಕ ಚೀಸ್‌ಗೆ ಹಾಕುವ ಹೆಪ್ಪು ಕರುವಿನ ಹೊಟ್ಟೆಯಿಂದ ತೆಗೆದದ್ದು. ನಾನು ಮೂರು ಸಲ ಹೋಗಿ ತಿಂದೆ. ಮೂರನೆಯ ಸಲ ಅಜ್ಜಿ ಕೇಳದೆಯೇ ಎರಡು ಹುಟ್ಟು ಹೆಚ್ಚಿಗೆ ಬಡಿಸಿದರು.

ಈಗ ಚಾಕುವಿನ ಮಾತು. ಊರಿನ ಅಂಚಿನಲ್ಲಿ ಛಾವಣಿ ಸೀಳಿಕೊಂಡು 18 ಮೀಟರ್ ಎತ್ತರದ ಅಲಗು ಎದ್ದು ನಿಂತ ಕಾರ್ಖಾನೆ ಇದೆ, ದೂರದಿಂದಲೇ ಕಾಣುತ್ತದೆ. ಅಂಥ ಕಡೆ ಕೆಲಸ ನೋಡಿದ ಮೇಲೆ ಕೊಳ್ಳಿ, ಮೊದಲಲ್ಲ. ಚಾಕು ಮುಚ್ಚಿ ಬೆಳಕಿಗೆ ಹಿಡಿಯಿರಿ: ಅಲಗು ಎರಡು ಬದಿಗೂ ತಾಗದೆ ನಡುವೆ ಕೂರಬೇಕು, ಸ್ಪ್ರಿಂಗ್ ಮತ್ತು ಹಿಡಿಯ ನಡುವೆ ಬೆಳಕು ನುಸುಳಬಾರದು. ಜೇನುಹುಳ ಸ್ಪ್ರಿಂಗಿನ ಉಕ್ಕಿನಲ್ಲೇ ಬಡಿದದ್ದೋ, ಬೇರೆ ಮಾಡಿ ಬೆಸೆದದ್ದೋ ಕೇಳಿ, ಬೆಲೆಯ ವ್ಯತ್ಯಾಸ ಅಲ್ಲಿರುತ್ತದೆ. ಕೆಲವು ಚಾಕುಗಳಲ್ಲಿ ಚರ್ಮಕ್ಕೆ ತೂತು ಮಾಡುವ ದಬ್ಬಳ, ಬಾಟಲಿಯ ಬಿರಡೆ ತೆಗೆಯುವ ತಿರುಪು ಸೇರಿರುತ್ತವೆ. ವೈನ್ ಕುಡಿಯದವರು ಆ ತಿರುಪಿಗೆ ದುಡ್ಡು ದಂಡ ಮಾಡಬೇಡಿ, ಚಾಕು ದಪ್ಪವಾಗುತ್ತದೆ ಅಷ್ಟೇ.

ಹಿಡಿಯ ವಿಷಯದಲ್ಲಿ ನನಗೆ ಬುದ್ಧಿ ಬಂದದ್ದು ಹೀಗೆ. ಕಪ್ಪಗೆ ಹೊಳೆಯುವ ಕೊಂಬಿನ ಹಿಡಿಯೊಂದಕ್ಕೆ ಮನಸೋತು, ಇದು ಓಬ್ರಾಕ್ ಹಸುವಿನದೇ ಎಂದು ಕೇಳಿದೆ. ಕುಶಲಕರ್ಮಿ ನನ್ನ ಮುಖ ನೋಡಿ ನಕ್ಕ. ಅದು ಎಮ್ಮೆಯ ಕೊಂಬು, ಏಷ್ಯಾದಿಂದ ತರಿಸಿದ್ದು! ಹಟ್ಟಿಯಲ್ಲಿ ಎಮ್ಮೆ ಕಟ್ಟಿದ ಮನೆಯವನು ನಾನು, ಅದನ್ನೇ ಕೊಳ್ಳಲು ಟ್ಯಾಕ್ಸಿಗೆ 140 ಯೂರೋ ಸುರಿದು ಬಂದಿದ್ದೆ. ಹಸುವಿನ ಕೊಂಬಿನಲ್ಲಿ ಗಟ್ಟಿಯಾದ ತುದಿ ಶ್ರೇಷ್ಠ, ದುಬಾರಿ. ಟೊಳ್ಳಾದ ಭಾಗವನ್ನು ಕಾಯಿಸಿ ಒತ್ತಿ ಹಲಗೆ ಮಾಡುತ್ತಾರೆ. ಕೊಂಬು ಯಾವುದಾದರೂ ನೀರಿಗೆ ಹೆದರುತ್ತದೆ. ಉಬ್ಬುತ್ತದೆ, ಸೊಟ್ಟಗಾಗುತ್ತದೆ, ಕರಾವಳಿಯ ಮಳೆಗಾಲಕ್ಕೆ ಅದನ್ನು ನಾನಂತೂ ಹೇಳುವುದಿಲ್ಲ.

ಮರವೇ ಸರಿ. ಆಲಿವ್ ಮರದ ಗೆರೆಗಳು ಚೆಂದ, ಆದರೆ ಎಲ್ಲರ ಕೈಯಲ್ಲೂ ಅದೇ ಇದೆ. ಜುನಿಪರ್ ಮರದ ಹಿಡಿಯನ್ನು ಮೂಗಿಗೆ ಹಿಡಿದರೆ ಕಾಡಿನ ವಾಸನೆ. ಫ್ರೆಂಚರು ಬುಯಿ ಎನ್ನುವ ಬಾಕ್ಸ್‌ವುಡ್ ಹಳದಿ ಬಣ್ಣದ, ಒತ್ತಾದ ನಯದ ಮರ. ಬೀಟೆಯ ಜಾತಿಯ ಮರಗಳೂ ಸಿಗುತ್ತವೆ. ಅವೆಲ್ಲ 2017ರಿಂದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಯಂತ್ರಣ ಪಟ್ಟಿಯಲ್ಲಿವೆ. ನಮ್ಮ ಮಲೆನಾಡಿನ ಬೀಟೆಯನ್ನು ಫ್ರಾನ್ಸಿನಿಂದ ಹೊತ್ತು ತರುವ ಅಗತ್ಯವೇನು? ಮಂಜಿನಡಿ ಸಿಕ್ಕ ಮ್ಯಾಮತ್, ಅಂದರೆ ಅಳಿದುಹೋದ ಆನೆಯ ಬಳಗದ ಪ್ರಾಣಿ, ಅದರ ದಂತದ ಹಿಡಿ ತೋರಿಸಿದರೂ ಮುಟ್ಟಬೇಡಿ. ಅದು ಆನೆಯದಲ್ಲ ಎಂದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ವಾದಿಸುವ ಉತ್ಸಾಹ ನನಗಿಲ್ಲ.

ನಾನು ಕೊನೆಗೆ ಕೊಂಡದ್ದು ಲಾಯೋಲ್‌ನಲ್ಲಿ ಅಲ್ಲ, ತಿಯೇರ್‌ನಲ್ಲಿ. ಫ್ರಾನ್ಸಿನ ಚಾಕುಗಳ ರಾಜಧಾನಿ ಅದೇ. ಪ್ಯಾರಿಸ್‌ನ ಬೆರ್ಸಿ ನಿಲ್ದಾಣದಿಂದ ಕ್ಲೆರ್ಮಾನ್-ಫೆರಾನ್, ಅಲ್ಲಿಂದ ಸಣ್ಣ ರೈಲು. ಹಳೆಯ ಊರು ಗುಡ್ಡಕ್ಕೆ ಅಂಟಿಕೊಂಡಿದೆ, ಮಂಡಿನೋವಿನವರಿಗೆ ಕಷ್ಟ. ಕೆಳಗೆ ದ್ಯುರೋಲ್ ನದಿ. ಅದರ ನೀರಿನ ಚಕ್ರಗಳಿಂದಲೇ ಸಾಣೆಕಲ್ಲುಗಳು ತಿರುಗುತ್ತಿದ್ದವು. ಸಾಣೆಯವರು ಹಲಗೆಯ ಮೇಲೆ ಬೋರಲು ಮಲಗಿ ಅಲಗು ಮಸೆಯುತ್ತಿದ್ದರು, ಚಳಿಗೆ ಕಾಲಿನ ಮೇಲೆ ನಾಯಿ ಮಲಗಿಸಿಕೊಳ್ಳುತ್ತಿದ್ದರು. ಚಾಕು ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಇಡಿ. ಮೇ ತಿಂಗಳಲ್ಲಿ ದೊಡ್ಡ ಚಾಕು ಮೇಳ ನಡೆಯುತ್ತದೆ, ಸಂಗ್ರಹಕಾರರು ಅದನ್ನು ಹೊಗಳುತ್ತಾರೆ. ನನಗೆ ಜನಜಂಗುಳಿ ಆಗದು, ಅದಕ್ಕೇ ಅಕ್ಟೋಬರ್.

ಊರಿನವರು 1990ರ ದಶಕದಲ್ಲಿ ತಮ್ಮದೇ ಒಂದು ಮಾದರಿ ರೂಪಿಸಿ ಅದಕ್ಕೆ 'ಲು ತಿಯೇರ್' ಎಂದು ಹೆಸರಿಟ್ಟರು. ಆ ಹೆಸರು ಆ ಭಾಗದ ಚಾಕು ತಯಾರಕರ ಸಂಘದ ಹತೋಟಿಯಲ್ಲಿದೆ, ಕಂಡವರು ಬಳಸುವಂತಿಲ್ಲ. ಬಾಕ್ಸ್‌ವುಡ್ ಹಿಡಿ, ತುಕ್ಕು ಹಿಡಿಯದ ಉಕ್ಕು, 112 ಯೂರೋ. ಕಾರ್ಬನ್ ಉಕ್ಕಿನದು ಇನ್ನೂ ಹರಿತ ಎಂದು ಅಂಗಡಿಯಾಕೆ ಹೇಳಿದರು. ಮಾವಿನಕಾಯಿ, ಹುಣಸೆ, ನಿಂಬೆ ಹೆಚ್ಚುವ ಮನೆಗೆ ಅದು ಮೂರೇ ದಿನದಲ್ಲಿ ಕಪ್ಪಾಗುತ್ತದೆ. ಚಾಕುವನ್ನು ಟಪ್ ಎಂದು ಮುಚ್ಚಬೇಡಿ ಎಂದೂ ಆಕೆ ಗದರಿದರು, ಹರಿತದ ಅಂಚು ಸ್ಪ್ರಿಂಗಿಗೆ ಬಡಿದು ಮೊಂಡಾಗುತ್ತದೆ.

ಕೊನೆಯದಾಗಿ ನನ್ನ ಪೆದ್ದತನ. ಚಾಕು ಕೈಚೀಲದಲ್ಲಿ ಹೋಗುವುದಿಲ್ಲ, ವಿಮಾನಕ್ಕೆ ಒಪ್ಪಿಸುವ ದೊಡ್ಡ ಪೆಟ್ಟಿಗೆಯಲ್ಲೇ ಇಡಬೇಕು, ಅದು ಗೊತ್ತಿತ್ತು. ಒಂದೇ ಅಂಗಡಿಯಲ್ಲಿ 100 ಯೂರೋ ಮೀರಿ ಕೊಂಡರೆ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ತೆರಿಗೆಯ ಪಾಲು ವಾಪಸು ಸಿಗುತ್ತದೆ, ಅದೂ ಗೊತ್ತಿತ್ತು. ಪೆಟ್ಟಿಗೆ ಒಪ್ಪಿಸಿದ ಮೇಲೆ ತೆರಿಗೆ ಕೌಂಟರಿಗೆ ಹೋದೆ. ವಸ್ತು ತೋರಿಸಿ ಎಂದರು. ವಸ್ತು ಆಗಲೇ ಬೆಲ್ಟಿನ ಮೇಲೆ ಹೋಗಿತ್ತು. ಮೊದಲು ತೆರಿಗೆ ಕೌಂಟರು, ಆಮೇಲೆ ಪೆಟ್ಟಿಗೆ. ಮರೆಯಬೇಡಿ.