‘ಸುಮ್ಮನೆ ಇಗ್ನೋರ್ ಮಾಡಿಬಿಡಬಹುದಲ್ಲ?’

ತಂಡಕ್ಕೆ ಹೊಸದಾಗಿ ಸೇರಿದವರು, ಬಿಡುಗಡೆಯ ಹಿಂದಿನ ಸಂಜೆ ಮ್ಯಾನೇಜರರು, ಬೇರೆ ಕಂಪನಿಗಳಲ್ಲಿರುವ ಗೆಳೆಯರು, ಎಲ್ಲರೂ ನನ್ನನ್ನು ಕೇಳುವುದು ಇದೊಂದನ್ನೇ: “ಕೋಡ್ ಮುಟ್ಟದಿದ್ದರೂ ಆ ಟೆಸ್ಟ್ ಒಮ್ಮೆ ಪಾಸ್ ಆಗುತ್ತದೆ, ಒಮ್ಮೆ ಫೇಲ್ ಆಗುತ್ತದೆ. ಸುಮ್ಮನೆ ಇಗ್ನೋರ್ ಮಾಡಿಬಿಡಬಹುದಲ್ಲ ಸರ್?” ಟೆಸ್ಟ್ ಎಂದರೆ ತಂತ್ರಾಂಶ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಾನಾಗಿಯೇ ಪರೀಕ್ಷಿಸುವ ಪುಟ್ಟ ಕೋಡ್; ಇಗ್ನೋರ್ ಎಂದರೆ ಅದನ್ನು ಓಡಿಸದೆ ಬದಿಗಿಡುವುದು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಮಾಡಬಹುದು. ಆದರೆ ಸುಮ್ಮನೆ ಅಲ್ಲ.

ಆ ‘ಸುಮ್ಮನೆ’ಯ ಮೇಲೆ ನನಗೆ ಸಿಟ್ಟಿದೆ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಬಸ್ ಟಿಕೆಟ್ ಕಾಯ್ದಿರಿಸುವ ತಂತ್ರಾಂಶದ ಕೆಲಸದಲ್ಲಿದ್ದೆ. ಟಿಕೆಟ್ ರದ್ದಾದಾಗ ಪ್ರಯಾಣಿಕರ ಖಾತೆಗೆ ಹಣ ಒಂದೇ ಸಲ ಮರಳುತ್ತದೆಯೇ ಎಂದು ನೋಡುವ ಟೆಸ್ಟ್ ಒಂದಿತ್ತು. ಅದು ರದ್ದತಿಯ ಸಂದೇಶ ಕಳುಹಿಸಿ, ಎರಡು ಸೆಕೆಂಡು ಸ್ಲೀಪ್ ಮಾಡಿ (ಏನೂ ಮಾಡದೆ ನಿಂತು), ಖಾತೆಯಲ್ಲಿ 450 ರೂಪಾಯಿ ಇದೆಯೇ ಎಂದು ಪರಿಶೀಲಿಸುತ್ತಿತ್ತು. ಹತ್ತಿಪ್ಪತ್ತು ಸಲಕ್ಕೊಮ್ಮೆ ಸೊನ್ನೆ ಕಾಣಿಸುತ್ತಿತ್ತು. ಸರ್ವರ್ ನಿಧಾನವಾದಾಗ ಎರಡು ಸೆಕೆಂಡು ಸಾಲುತ್ತಿರಲಿಲ್ಲ. ಅಪರೂಪಕ್ಕೊಮ್ಮೆ 900 ಕಾಣಿಸುತ್ತಿತ್ತು. ಲಾಗಿನಲ್ಲಿ, ಅಂದರೆ ಟೆಸ್ಟ್ ಓಡಿದ ದಾಖಲೆಯಲ್ಲಿ, ಎರಡೂ ಇದ್ದವು, ಆದರೆ ನಾವು ಫೇಲ್ ಎಂದು ತೋರಿಸುವ ಕೆಂಪು ಬಣ್ಣವನ್ನು ನೋಡಿದೆವೇ ಹೊರತು ಅಂಕಿಯನ್ನು ಓದಲಿಲ್ಲ. ಬಿಡುಗಡೆಯ ಹಿಂದಿನ ರಾತ್ರಿ ನಾನೇ ಅದಕ್ಕೆ ಇಗ್ನೋರ್ ಹಾಕಿ, ಪಕ್ಕದಲ್ಲಿ ‘ತಾತ್ಕಾಲಿಕ’ ಎಂದು ಬರೆದೆ. ಆ ತಾತ್ಕಾಲಿಕ ಹದಿನಾಲ್ಕು ತಿಂಗಳು ಬಾಳಿತು. ದೀಪಾವಳಿಯ ನೂಕುನುಗ್ಗಲಿನಲ್ಲಿ, ಮೊದಲ ವರ್ಕರ್ (ಹಣ ಮರಳಿಸುವ ಕೆಲಸ ಮಾಡುವ ಪ್ರೋಗ್ರಾಂ) ಕೆಲಸ ಮುಗಿಸಿ ತಿಳಿಸುವಷ್ಟರಲ್ಲಿ ಕ್ಯೂ (ಸಂದೇಶಗಳನ್ನು ಸಾಲಿನಲ್ಲಿಟ್ಟು ಹಂಚುವ ವ್ಯವಸ್ಥೆ) ಅದೇ ಸಂದೇಶವನ್ನು ಇನ್ನೊಂದು ವರ್ಕರ್‌ಗೂ ಕೊಟ್ಟಿತು, ಹಣ ಎರಡೆರಡು ಸಲ ಹೋಯಿತು. ಹೆಚ್ಚುವರಿ ಹಣ ಹಿಂದಿರುಗಿಸಿ ಎಂದು ಗ್ರಾಹಕ ಸೇವೆಯವರು ಒಬ್ಬೊಬ್ಬರಿಗೂ ಫೋನ್ ಮಾಡಿ ಬೇಡಿಕೊಳ್ಳಬೇಕಾಯಿತು.

ಆ ಟೆಸ್ಟ್ ಚಂಚಲವಾಗಿತ್ತು ಎಂದು ಈಗಲೂ ಕೆಲವರು ನನಗೆ ಸಮಾಧಾನ ಹೇಳುತ್ತಾರೆ. ಚಂಚಲವಾಗಿದ್ದುದು ನಮ್ಮ ತಂತ್ರಾಂಶ. ಇದು ನನ್ನೊಬ್ಬನ ಅನುಭವವೂ ಅಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಅಪಾಚೆ ಎಂಬ ಮುಕ್ತ ತಂತ್ರಾಂಶ ಸಂಸ್ಥೆಯ 51 ಯೋಜನೆಗಳಲ್ಲಿ ಇಂಥ ಟೆಸ್ಟ್‌ಗಳನ್ನು ಸರಿಪಡಿಸಿದ 201 ಕಮಿಟ್‌ಗಳನ್ನು (ಕೋಡಿಗೆ ಮಾಡಿ ದಾಖಲಿಸಿದ ಬದಲಾವಣೆಗಳನ್ನು) ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದರು. ಸುಮಾರು ಕಾಲು ಭಾಗದಷ್ಟು ತಿದ್ದುಪಡಿಗಳು ಟೆಸ್ಟಿನ ಜೊತೆಗೆ ಮುಖ್ಯ ಕೋಡನ್ನೂ ಮುಟ್ಟಿದ್ದವು, ಅವುಗಳಲ್ಲಿ ಬಹುಪಾಲು ಅಲ್ಲಿದ್ದ ನಿಜವಾದ ದೋಷವನ್ನೇ ಸರಿಪಡಿಸಿದ್ದವು.

“ಇಗ್ನೋರ್ ಬೇಡವಾದರೆ ಮೂರು ಸಲ ಓಡಿಸೋಣ, ಒಮ್ಮೆ ಪಾಸಾದರೆ ಸಾಕು” ಎನ್ನುವವರೂ ಇದ್ದಾರೆ. ಹತ್ತರಲ್ಲಿ ಒಮ್ಮೆ ಕಾಣಿಸಿಕೊಳ್ಳುವ ದೋಷ ಸತತ ಮೂರು ಸಲ ಕಾಣಿಸಿಕೊಳ್ಳುವುದು ಸಾವಿರದಲ್ಲಿ ಒಮ್ಮೆ. ಅಂದರೆ ಹತ್ತರಲ್ಲಿ ಒಬ್ಬ ಗ್ರಾಹಕನನ್ನು ಕಾಡುವ ದೋಷವು 999 ಸಲ ನಮ್ಮ ಕಣ್ಣೆದುರಿನಲ್ಲೇ ಹಸಿರಾಗಿ ದಾಟಿಹೋಗುತ್ತದೆ. ಹಾಗೆಂದು ಎಲ್ಲವನ್ನೂ ಇದ್ದಂತೆಯೇ ಬಿಡುವುದೂ ಆಗದು: ಸಾವಿರ ಟೆಸ್ಟ್‌ಗಳಿದ್ದು, ಪ್ರತಿಯೊಂದೂ ಸಾವಿರಕ್ಕೊಮ್ಮೆ ಮಾತ್ರ ವಿನಾಕಾರಣ ಫೇಲ್ ಆದರೂ, ನೂರು ಬಿಲ್ಡ್‌ಗಳಲ್ಲಿ (ಕೋಡನ್ನು ಒಟ್ಟುಗೂಡಿಸಿ ಎಲ್ಲ ಟೆಸ್ಟ್ ಓಡಿಸುವ ಸುತ್ತುಗಳಲ್ಲಿ) ಪೂರ್ತಿ ಹಸಿರಾಗುವುದು ಸುಮಾರು 37 ಮಾತ್ರ. ಅಂಥ ಬಿಲ್ಡನ್ನು ನಾಲ್ಕನೆಯ ವಾರದಿಂದ ಯಾರೂ ತಿರುಗಿ ನೋಡುವುದಿಲ್ಲ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ: ಈ ಟೆಸ್ಟ್ ಏನನ್ನು ಕಾಯುತ್ತಿದೆ? ಕನ್ನಡದಲ್ಲಿ ಕಾಯುವುದೆಂದರೆ ಕಾವಲಿರುವುದೂ ಹೌದು, ನಿರೀಕ್ಷಿಸುವುದೂ ಹೌದು. ನನಗೆ ಎರಡೂ ಅರ್ಥ ಬೇಕು. ಅದು ಗ್ರಾಹಕರ ಹಣವನ್ನು ಕಾಯುತ್ತಿದ್ದರೆ ಅಂದೇ ಕುಳಿತು ನೋಡಬೇಕು. ಏನನ್ನೂ ಕಾಯುತ್ತಿಲ್ಲವಾದರೆ ಇಗ್ನೋರ್ ಏಕೆ, ಅಳಿಸಿಬಿಡಿ. ಎರಡನೆಯ ಅರ್ಥವೂ ಅಷ್ಟೇ ಮುಖ್ಯ, ಏಕೆಂದರೆ ಆ ಅಧ್ಯಯನದಲ್ಲಿ ಶೇ. 45ರಷ್ಟು ಪ್ರಕರಣಗಳಿಗೆ ಕಾರಣ, ಮುಗಿಯದ ಕೆಲಸಕ್ಕಾಗಿ ಸರಿಯಾಗಿ ಕಾಯದಿರುವುದೇ ಆಗಿತ್ತು.

ಕೆಲವೊಮ್ಮೆ ಉತ್ತರ ಗಡಿಯಾರದಲ್ಲಿರುತ್ತದೆ. ನಮ್ಮ ಇನ್ನೊಂದು ಟೆಸ್ಟ್ ಬೆಂಗಳೂರಿನವರಿಗೆ ಎಂದೂ ಫೇಲ್ ಆಗುತ್ತಿರಲಿಲ್ಲ, ಕ್ಯಾಲಿಫೋರ್ನಿಯಾದ ಸಹೋದ್ಯೋಗಿಗಳಿಗೆ ಮಧ್ಯಾಹ್ನವಿಡೀ ಫೇಲ್ ಆಗುತ್ತಿತ್ತು. ಒಂದು ಕಡೆ ದಿನಾಂಕವನ್ನು ಭಾರತದ ಸಮಯದಿಂದಲೂ ಇನ್ನೊಂದು ಕಡೆ ಯುಟಿಸಿಯಿಂದಲೂ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಿಂದಲೂ) ತೆಗೆದುಕೊಳ್ಳಲಾಗಿತ್ತು. ನಮ್ಮ ಮಧ್ಯರಾತ್ರಿಯಿಂದ ಬೆಳಗಿನ 5.30ರವರೆಗೆ ಆ ಎರಡು ದಿನಾಂಕಗಳು ಬೇರೆಬೇರೆ. ನಾವು ಮಲಗಿರುವ ಆ ಹೊತ್ತೇ ಅವರ ಕೆಲಸದ ಹೊತ್ತು. ಫೇಲ್ ಆದ ವೇಳೆಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದಾಗ ಹತ್ತು ನಿಮಿಷದಲ್ಲಿ ತಿಳಿಯಿತು. ಅದಕ್ಕೂ ಮೊದಲು ಮೂರು ತಿಂಗಳು ‘ರೀರನ್’ (ಮತ್ತೆ ಓಡಿಸು) ಒತ್ತಿದ್ದೆವು.

ಇಗ್ನೋರ್ ಮಾಡಲೇಬೇಕಾದಾಗ ನಾನು ಒಪ್ಪುವುದು ಹೀಗೆ: ಕಾರಣ, ಹೊಣೆ ಹೊತ್ತವರ ಹೆಸರು ಮತ್ತು ಕೊನೆಯ ದಿನಾಂಕ ಅಲ್ಲೇ ಬರೆದಿರಬೇಕು, ಆ ದಿನಾಂಕ ದಾಟಿದರೆ ಬಿಲ್ಡ್ ನಿಲ್ಲಬೇಕು. ಬದಿಗಿಟ್ಟ ಟೆಸ್ಟ್‌ಗಳು ಪ್ರತಿ ರಾತ್ರಿ ಬೇರೆಯಾಗಿ ಓಡುತ್ತಿರಬೇಕು, ಅವುಗಳ ಲಾಗನ್ನು ಬೆಳಿಗ್ಗೆ ಒಬ್ಬರು ಓದಬೇಕು. ಓದುವುದು ಎಂದರೆ ಅಂಕಿಯನ್ನು ಓದುವುದು.

ಆ ಕಂಪನಿ ಬಿಡುವ ಮೊದಲು ಹಣ ಮರಳಿಸುವ ಟೆಸ್ಟನ್ನು ಮತ್ತೆ ಬರೆದೆ. ಅದರಲ್ಲಿ ಈಗ ಸ್ಲೀಪ್ ಇಲ್ಲ. ಅದು ಒಂದೇ ರದ್ದತಿಯ ಸಂದೇಶವನ್ನು ಬೇಕೆಂದೇ ಎರಡು ಸಲ ಕಳುಹಿಸಿ, ಎರಡೂ ಮುಗಿದವೆಂದು ಕ್ಯೂ ತಿಳಿಸುವವರೆಗೆ ಕಾದು, ಖಾತೆಯಲ್ಲಿ 450 ರೂಪಾಯಿ ಮಾತ್ರ ಇದೆಯೇ ಎಂದು ನೋಡುತ್ತದೆ.